ಘಟ್ಟದ ಮೇಲೂ ಕೆಳಗೂ ಒಂದೇ ಕ್ಷೇತ್ರ

ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಹುಟ್ಟಿದ್ದು 2008ರ ಕ್ಷೇತ್ರ ಪುನರ್‌ವಿಂಗಡಣೆಯಲ್ಲಿ. ಅದಕ್ಕೂ ಮೊದಲು ಉಡುಪಿಗೆ ಒಬ್ಬರು, ಚಿಕ್ಕಮಗಳೂರಿಗೆ ಒಬ್ಬರು ಸಂಸದರಿದ್ದರು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದದ್ದು ಆ ಹಳೆಯ ಚಿಕ್ಕಮಗಳೂರಿನಿಂದಲೇ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಎರಡನ್ನೂ ರದ್ದು ಮಾಡಿ, ಕಡಲತೀರವನ್ನೂ ಕಾಫಿ ತೋಟಗಳನ್ನೂ ಒಂದೇ ಗೆರೆಯೊಳಗೆ ತಂದಿತು.

ಇದರ ಹಿಂದಿರುವುದು ತಲೆಯೆಣಿಕೆಯ ಲೆಕ್ಕ. 2001ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ಸುಮಾರು 5.28 ಕೋಟಿ. ಲೋಕಸಭಾ ಸ್ಥಾನಗಳು 28 ಎಂಬುದು ಬದಲಾಗುವಂತಿರಲಿಲ್ಲ. ಹೀಗಾಗಿ ಒಂದೊಂದು ಕ್ಷೇತ್ರದ ಪಾಲಿಗೆ ಸರಾಸರಿ 19 ಲಕ್ಷ ಜನ. ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತಲಾ 11 ಲಕ್ಷ ಚಿಲ್ಲರೆ. ಒಂದು ಜಿಲ್ಲೆ ಸಾಲದು, ಎರಡು ಸೇರಿದರೆ ಹೆಚ್ಚು. ರಾಜ್ಯದ 224 ವಿಧಾನಸಭಾ ಕ್ಷೇತ್ರಗಳನ್ನು 28ಕ್ಕೆ ಹಂಚಿದರೆ ಎಂಟೆಂಟು. ಈ ಎರಡು ಜಿಲ್ಲೆಗಳಲ್ಲಿ ಇದ್ದದ್ದು ಹತ್ತು. ಎರಡನ್ನು ಹೊರಗಿಡಲೇಬೇಕಾಯಿತು. ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ ಹೋದವು. ಈಗ ಬೈಂದೂರಿನವರಿಗೆ ಜಿಲ್ಲಾಧಿಕಾರಿ ಕಚೇರಿ ಮಣಿಪಾಲದಲ್ಲಿ, ಸಂಸದರು ಘಟ್ಟದಾಚೆಯ ಶಿವಮೊಗ್ಗ ಕ್ಷೇತ್ರದವರು. ಲೆಕ್ಕ ಸರಿಹೋಯಿತು ನಿಜ, ಅದರ ಭಾರ ಬಿದ್ದದ್ದು ಅಂಚಿನ ಊರುಗಳ ಮೇಲೆ.

ಉಳಿದ ಎಂಟು: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಘಟ್ಟದ ಮೇಲೆ ಶೃಂಗೇರಿ, ಪರಿಶಿಷ್ಟ ಜಾತಿಗೆ ಮೀಸಲಾದ ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಪಡುವಣಕ್ಕೆ ಅರಬ್ಬಿ ಸಮುದ್ರ, ಉತ್ತರಕ್ಕೆ ಶಿವಮೊಗ್ಗ ಕ್ಷೇತ್ರ, ದಕ್ಷಿಣಕ್ಕೆ ದಕ್ಷಿಣ ಕನ್ನಡ ಮತ್ತು ಹಾಸನ. ಮೂಡಣದ ತುದಿಯಲ್ಲಿ ಮಲೆನಾಡು ಮುಗಿದು ಅಜ್ಜಂಪುರದ ಬಯಲು ಶುರುವಾಗುತ್ತದೆ. ಮಲ್ಪೆಯ ಮೀನುಗಾರರೂ ಬಾಳೆಹೊನ್ನೂರಿನ ಕಾಫಿ ಬೆಳೆಗಾರರೂ ಈಗ ಒಬ್ಬರೇ ಸಂಸದರ ಬಳಿ ಅಹವಾಲು ಒಯ್ಯಬೇಕು.

ಹೊರಗಿನ ಗಡಿಗಿಂತ ಗಟ್ಟಿಯಾದ ಗಡಿ ಕ್ಷೇತ್ರದ ಒಳಗೇ ಇದೆ. ಕಾರ್ಕಳದಿಂದ ಮಾಳದ ಮೇಲೆ ಘಟ್ಟ ಹತ್ತಿ ಕೆರೆಕಟ್ಟೆ, ಶೃಂಗೇರಿಗೆ ಹೋಗುವ ದಾರಿಯಲ್ಲಿ ಎಸ್.ಕೆ. ಬಾರ್ಡರ್ ಎಂಬ ಜಾಗ ಸಿಗುತ್ತದೆ. ಎಸ್.ಕೆ. ಎಂದರೆ ಸೌತ್ ಕೆನರಾ. 1956ರ ನವೆಂಬರ್ 1ರವರೆಗೆ ಕೆಳಗಿನದು ಮದ್ರಾಸ್ ರಾಜ್ಯ, ಮೇಲಿನದು ಮೈಸೂರು. ರಾಜ್ಯಗಳ ಗಡಿ ಅಳಿದರೂ ಹೆಸರು ಜನರ ಬಾಯಲ್ಲಿ ಉಳಿದಿದೆ. ಉಡುಪಿಯಿಂದ ಶೃಂಗೇರಿಗೆ ಆಗುಂಬೆ ಘಾಟಿಯ ದಾರಿಯೂ ಇದೆ. ಆದರೆ ಆಗುಂಬೆ ತೀರ್ಥಹಳ್ಳಿ ತಾಲ್ಲೂಕಿನದು, ಹಾಗಾಗಿ ಆ ದಾರಿ ಹಿಡಿದವರು ಶಿವಮೊಗ್ಗ ಕ್ಷೇತ್ರವನ್ನು ಹೊಕ್ಕು ಮತ್ತೆ ತಮ್ಮ ಕ್ಷೇತ್ರಕ್ಕೆ ಬರಬೇಕು. ಪುನರ್‌ವಿಂಗಡಣೆ ಕಾಯ್ದೆ ಭೌಗೋಳಿಕ ಲಕ್ಷಣಗಳನ್ನೂ ಸಂಪರ್ಕ ಸೌಲಭ್ಯವನ್ನೂ ಗಮನಿಸಬೇಕೆನ್ನುತ್ತದೆ. ಇಲ್ಲಿ ಜನಸಂಖ್ಯೆಯ ಮಾತೇ ಮೇಲಾಯಿತು.

2009ರ ಮೊದಲ ಚುನಾವಣೆಯಲ್ಲಿ ಡಿ.ವಿ. ಸದಾನಂದ ಗೌಡ ಗೆದ್ದರು. ಅವರು ಮುಖ್ಯಮಂತ್ರಿಯಾದ ಮೇಲೆ, 2012ರ ಉಪಚುನಾವಣೆಯಲ್ಲಿ ಕೆ. ಜಯಪ್ರಕಾಶ್ ಹೆಗ್ಡೆ ಆಯ್ಕೆಯಾದರು. 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ.

ಘಟ್ಟ ಬೇರ್ಪಡಿಸಿದ ಎರಡೂ ಮಗ್ಗುಲನ್ನು ಕೂಡಿಸುವುದು ಕಾಡು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಎರಡೂ ಜಿಲ್ಲೆಗಳಿಗೆ ಚಾಚಿಕೊಂಡಿದೆ. ಪಶ್ಚಿಮ ಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಪರಿಸರ ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿ ಕಾರ್ಕಳ ಕಡೆಯ ಹಳ್ಳಿಗಳೂ ಇವೆ, ಶೃಂಗೇರಿ, ಮೂಡಿಗೆರೆ ಕಡೆಯವೂ ಇವೆ. ಮನೆ, ತೋಟದ ಗತಿಯೇನು ಎಂಬ ಪ್ರಶ್ನೆ ಚುನಾವಣೆ ಬಂದಾಗ ಎರಡೂ ಕಡೆ ಏಳುತ್ತದೆ.