ಎರಡು ಬಸ್ಸುಗಳ ನಡುವಿನ ಎರಡು ತಾಸು

ವಿಮಾನ ಬದಲಿಸುವವರು ನಡುವಿನ ನಾಲ್ಕಾರು ಗಂಟೆ ಹೇಗೆ ಕಳೆಯಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಮಂದಿ. ಹರಪನಹಳ್ಳಿಯಲ್ಲಿ ಇಳಿದು ಹಡಗಲಿ ಬಸ್ಸಿಗೆ ಕಾಯುವವರಿಗೆ ಹೇಳುವವರು ಯಾರೂ ಇಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ವಿಜಯನಗರ ಜಿಲ್ಲೆಯ ಈ ಐದೂ ತಾಲ್ಲೂಕುಗಳಲ್ಲಿ ವಿಮಾನ ಇಳಿಯುವ ಜಾಗವಿಲ್ಲ. ಪಕ್ಕದ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಂಟಿಕೊಂಡೇ ವಿದ್ಯಾನಗರ ವಿಮಾನ ನಿಲ್ದಾಣವಿದ್ದರೂ, ವಿಮಾನವೆಂದರೆ ಹುಬ್ಬಳ್ಳಿ ಇಲ್ಲವೇ ಬೆಂಗಳೂರು ಎಂದು ನಂಬಿದವರೇ ನಮ್ಮಲ್ಲಿ ಹೆಚ್ಚು. ಇರಲಿ, ನಮ್ಮ ಕಾಯುವಿಕೆಯೆಲ್ಲ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ. ಆ ಬೆಂಚು ಬಿಟ್ಟು ಏಳದಂತೆ ಮಾಡುವ ನಂಬಿಕೆಗಳು ಕೆಲವಿವೆ.

"ನೋಡೋದಿದ್ದರೆ ಹಂಪಿ, ಇಲ್ಲೇನಿದೆ?" ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಇದು. 2021ರಲ್ಲಿ ಜಿಲ್ಲೆಗೆ ವಿಜಯನಗರ ಎಂದು ಹೆಸರಿಟ್ಟ ಮೇಲೆ, ಇಲ್ಲಿನ ಹಳೆಯ ಗುಡಿಗಳನ್ನೆಲ್ಲ ವಿಜಯನಗರದ ಅರಸರೇ ಕಟ್ಟಿಸಿದರು ಎಂಬ ಮಾತೂ ಅದಕ್ಕೆ ಸೇರಿಕೊಂಡಿದೆ. ಹರಪನಹಳ್ಳಿಯಿಂದ ಆಟೊದಲ್ಲಿ ಹೋಗಿಬರುವಷ್ಟು ಹತ್ತಿರ ಬಾಗಳಿ. ಅಲ್ಲಿನ ಕಲ್ಲೇಶ್ವರ ಗುಡಿಯಲ್ಲಿ ಕ್ರಿ.ಶ. 987ರ ಶಾಸನವಿದೆ, ಚಾಲುಕ್ಯ ತೈಲಪನ ಕಾಲದ್ದು. ವಿಜಯನಗರ ಹುಟ್ಟಿದ್ದು 1336ರಲ್ಲಿ. ಅಂದರೆ ಹಂಪಿಯ ಅರಸೊತ್ತಿಗೆಗಿಂತ ಸುಮಾರು 350 ವರ್ಷ ಮೊದಲೇ ಇಲ್ಲಿ ದೀಪ ಉರಿಯುತ್ತಿತ್ತು. ಕಲ್ಲೂ ಬೇರೆ. ಹಂಪಿಯದು ಗಟ್ಟಿ ಕಣಶಿಲೆ. ಚಾಲುಕ್ಯರ ಶಿಲ್ಪಿಗಳು ಆರಿಸಿಕೊಂಡದ್ದು ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು. ಅದಕ್ಕೇ ಬಾಗಳಿಯ ಮಂಟಪದ ಕಂಬಗಳ ಮೇಲೆ ಚರಕಿಗೆ ಕೊಟ್ಟು ತಿರುಗಿಸಿದಂಥ ಸುತ್ತುಗೆರೆಗಳು, ಚೂಪು ಅಂಚುಗಳು ಮೂಡಿವೆ. ಅಂಥ ನುಣುಪನ್ನು ಹಂಪಿಯಲ್ಲಿ ಹುಡುಕಬೇಡಿ, ಅಲ್ಲಿನ ಸೊಗಸೇ ಬೇರೆ.

ವಿಜಯನಗರದವರಲ್ಲ ಎಂದ ಕೂಡಲೇ "ಹಂಗಾದರೆ ಜಕಣಾಚಾರಿದು" ಎನ್ನುತ್ತಾರೆ. ಐತಿಹ್ಯ ಶಿಲ್ಪಿ ಜಕಣಾಚಾರಿಯನ್ನು ಬೇಲೂರಿನ ಜೊತೆ ಕಟ್ಟಿಹಾಕಿದೆ, ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ಬಾಗಳಿಯ ಶಾಸನ ಅದಕ್ಕೂ 130 ವರ್ಷ ಹಿಂದಿನದು. ಒಬ್ಬ ಮನುಷ್ಯ ಎಷ್ಟು ಕಾಲ ಉಳಿ ಹಿಡಿದಾನು?

ಗುಡಿ ನೋಡಬೇಕೆಂದು ಹೊರಟವರು ಬೀಳುವ ಹಳ್ಳ ಇನ್ನೊಂದಿದೆ. ಆಟೊದವರ ಹತ್ತಿರ "ಕಲ್ಲೇಶ್ವರ ಗುಡಿಗೆ ಬಿಡಪ್ಪಾ" ಎಂದರೆ ಯಾವ ಕಲ್ಲೇಶ್ವರ? ಬಾಗಳಿಯಲ್ಲೊಬ್ಬ, ಕೊಟ್ಟೂರಿನ ಕಡೆಯ ಅಂಬಳಿಯಲ್ಲೊಬ್ಬ, ಸೋಗಿಯಲ್ಲೊಬ್ಬ, ಹಡಗಲಿಯಲ್ಲೊಬ್ಬ, ಹಿರೇಹಡಗಲಿಯಲ್ಲೊಬ್ಬ. ಮೇಲಾಗಿ ಹಡಗಲಿಯೆಂದೇ ಕರೆಯುವ ಹೂವಿನಹಡಗಲಿ ಮತ್ತು ಹಿರೇಹಡಗಲಿ ಒಂದೇ ಊರಿನ ಎರಡು ಓಣಿಗಳೆಂದು ತಿಳಿಯುವವರಿದ್ದಾರೆ. ಒಂದು ತಾಲ್ಲೂಕು ಕೇಂದ್ರ, ಇನ್ನೊಂದು ಅದೇ ತಾಲ್ಲೂಕಿನ ಬೇರೆ ಹಳ್ಳಿ, ಬೇರೆ ಬಸ್ಸು. ದೇವರ ಹೆಸರಿಗಿಂತ ಮೊದಲು ಊರಿನ ಹೆಸರು ಹೇಳಿ.

ಉಜ್ಜಿನಿಯ ಗೊಂದಲ ಇದಕ್ಕಿಂತ ದೊಡ್ಡದು. ವೀರಶೈವ ಪಂಚಪೀಠಗಳಲ್ಲೊಂದು ಉಜ್ಜಯಿನಿ ಎಂದು ಓದಿದವರು ಮಧ್ಯಪ್ರದೇಶದ ಮಹಾಕಾಲನ ಊರೆಂದು ಭಾವಿಸುತ್ತಾರೆ. ಆ ಪೀಠ ಇರುವುದು ಈಗಿನ ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ, ಮರುಳಸಿದ್ಧೇಶ್ವರನ ಸನ್ನಿಧಿಯಲ್ಲಿ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಗಾದೆ ಬರೀ ಊರಭಿಮಾನವಲ್ಲ. ಒಳಗೆ ಹೋಗಿ ಕತ್ತೆತ್ತಿ ಚಾವಣಿ ನೋಡಿದವರಿಗೆ ಗಾದೆಯ ಅರ್ಥ ತಾನೇ ಆಗುತ್ತದೆ.

ಕೊಟ್ಟೂರಿನ ಗುರು ಕೊಟ್ಟೂರೇಶ್ವರರ ಮಠಕ್ಕೆ ಭಕ್ತನಾಗಿ ಅಕ್ಬರ ಬಾದಶಹನೂ ಬಂದಿದ್ದ ಎನ್ನುವವರಿದ್ದಾರೆ. ಅಕ್ಬರನ ಸೈನ್ಯ ಕೊನೆಗಾಲದಲ್ಲಿ ತಲುಪಿದ್ದು ಖಾನದೇಶ, ಅಹಮದನಗರದವರೆಗೆ. ತುಂಗಭದ್ರೆಯ ನೀರು ಮೊಘಲರ ಕುದುರೆ ಕುಡಿಯುವುದಕ್ಕೆ ಇನ್ನೂ ಬಹಳ ಕಾಲವಿತ್ತು. ಆದರೂ ಆ ಕಥೆಯನ್ನು ನಾನು ತಳ್ಳಿಹಾಕಲಾರೆ. ಬಾದಶಹ ಬರದಿದ್ದರೂ ಜನರ ಮನಸ್ಸಿನಲ್ಲಿ ಈ ಮಠದ ಬಾಗಿಲು ಎಷ್ಟು ಅಗಲವಿತ್ತೆಂದು ಅದು ಹೇಳುತ್ತದೆ. "ಕೊಟ್ಟೂರಿಗೆ ಹಳಿ ಮುಗೀತದೆ" ಎಂಬುದೂ ಹಳೆಯ ಮಾತಾಯಿತು. ಹೊಸಪೇಟೆಯಿಂದ ಬಂದ ರೈಲು ಹಳಿ ಈಗ ಹರಪನಹಳ್ಳಿ ದಾಟಿ ಹರಿಹರ ಮುಟ್ಟುತ್ತದೆ. ಮಠದಲ್ಲಿ ದರ್ಶನಕ್ಕೆ ಸಾಲು ಉದ್ದವಿದ್ದರೆ ಮಂಡಕ್ಕಿ ಮೆಣಸಿನಕಾಯಿ ತಿಂದು ಕಾಯಬಹುದು. ರಥೋತ್ಸವದ ದಿನ ಮಾತ್ರ ಮುಂದಿನ ಬಸ್ಸಿನ ಆಸೆ ಬಿಟ್ಟುಬಿಡಿ.

ಕೂಡ್ಲಿಗಿಯನ್ನು ಹೆದ್ದಾರಿಯ ಊಟದ ನಿಲುಗಡೆ ಎಂದಷ್ಟೇ ಬಲ್ಲವರಿಗೆ ಒಂದು ಮಾತು: ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕ ಊರೊಳಗೇ ಇದೆ. ಇದೇ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಆಸೆ ಮಾತ್ರ ಕಾಯುವ ಹೊತ್ತಿನಲ್ಲಿ ಬೇಡ. ನಿಮ್ಮ ಬಸ್ಸಿನ ವೇಳೆ ಕರಡಿಗೆ ಗೊತ್ತಿಲ್ಲ.

ಹಕ್ಕಿ ನೋಡಲು ರಂಗನತಿಟ್ಟಿಗೇ ಹೋಗಬೇಕೆಂಬ ನಂಬಿಕೆಗೆ ಉತ್ತರ ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರ. ಊರವರು ನೀರಾವರಿಗೆಂದು ಕಟ್ಟಿಕೊಂಡ ಕೆರೆ, ಒಳಗೆಲ್ಲ ಜಾಲಿ ಮರ. ಆ ಮರಗಳೇ ಹಕ್ಕಿಗಳ ಕೇರಿ. ಸುಮಾರು 98 ಹೆಕ್ಟೇರಿನ ಈ ಕೆರೆಯನ್ನು 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ ಅದು; ರಂಗನತಿಟ್ಟು ಸೇರಿದ್ದೂ 2022ರಲ್ಲಷ್ಟೇ. ಆದರೆ ಯಾವ ಹೊತ್ತಿಗೆ ಹೋದರೂ ನಡೆದೀತು ಎಂಬುದು ತಪ್ಪು. ನಡುಮಧ್ಯಾಹ್ನದ ಬಿಸಿಲಲ್ಲಿ ಹೋದರೆ ನೆರಳಿಗೆ ಕೂತ ಹಕ್ಕಿ, ಬೆವರುವ ನೀವು, ಅಷ್ಟೇ. ಬೆಳಿಗ್ಗೆ ಬೇಗ, ಇಲ್ಲವೇ ಬಿಸಿಲು ಇಳಿದ ಮೇಲೆ.

ಹಡಗಲಿಯಲ್ಲಿ ಇಳಿದವರು ಮಲ್ಲಿಗೆ ಕೇಳುತ್ತಾರೆ. ಭೌಗೋಳಿಕ ಗುರುತಿನ ಮುದ್ರೆ ಪಡೆದ ಹೂವು, ವರ್ಷವಿಡೀ ರಾಶಿ ಬಿದ್ದಿರುತ್ತದೆ ಎಂದು ತಿಳಿದಿರುತ್ತಾರೆ. ಮಲ್ಲಿಗೆಯ ಸುಗ್ಗಿ ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಹೂವು ಕಡಿಮೆ, ದರ ಹೆಚ್ಚು.

ಕುರುವತ್ತಿಯ ವಿಷಯದಲ್ಲಿ ನಂಬಿಕೆ ತಿರುಗುಮುರುಗು: "ಹಡಗಲಿ ತಾಲ್ಲೂಕಿನದೇ ತಾನೆ, ಹಂಗೇ ಹೋಗಿ ಬಂದ್ಬಿಡೋಣ." ಆಗದು. ತುಂಗಭದ್ರೆಯ ದಡದ ಆ ಮಲ್ಲಿಕಾರ್ಜುನ ಗುಡಿಯ ಕಂಬಗಳ ಮೇಲೆ ಬಾಗಿ ನಿಂತ ಮದನಿಕೆಯರು ಬೇಲೂರಿನವರಿಗೆ ಅಕ್ಕಂದಿರು. 1068ರಲ್ಲಿ ವಾಸಿಯಾಗದ ಕಾಯಿಲೆಗೆ ತುತ್ತಾದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರ ನದಿಗಿಳಿದು ಜಲಸಮಾಧಿಯಾದದ್ದು ಇಲ್ಲಿಯೇ. ಇದನ್ನು ಗಡಿಯಾರ ನೋಡುತ್ತ ನೋಡಬಾರದು. ಅರ್ಧ ದಿನವಾದರೂ ಇಟ್ಟುಕೊಳ್ಳಿ, ಮೈಲಾರವನ್ನೂ ಸೇರಿಸಿಕೊಳ್ಳಿ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ಮೈಲಾರದಲ್ಲಿ ಗೊರವಯ್ಯನ ಕಾರಣಿಕ ಕೇಳಲು ಜನಸಾಗರವೇ ಸೇರುತ್ತದೆ; ಆಗ ಬಿಟ್ಟು ಬೇರೆ ದಿನ ಹೋಗಿ. ಇಳಿದ ಕೂಡಲೇ ಕಂಡಕ್ಟರನ್ನೇ ಕೇಳಿ: ತಿರುಗಿ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ?