ಒಂದೇ ಶೀಸೆಯ ಹಲವು ಕಿತ್ತಳೆ

ಕಿತ್ತಳೆ ಶಾಯಿಯ ಒಂದೇ ಶೀಸೆಯಿಂದ ಎರಡು ಪೆನ್ನು ತುಂಬಿಸಿ ಬರೆದರೆ, ನೋಡಿದವರು ಇವು ಬೇರೆ ಬೇರೆ ಶಾಯಿಗಳೆಂದೇ ತಿಳಿಯುವುದುಂಟು. ಸಪೂರ ನಿಬ್ಬಿನ ಗೆರೆ ಹಳದಿಯತ್ತ ವಾಲಿ ಮಂಕಾಗಿರುತ್ತದೆ; ಅಗಲ ನಿಬ್ಬಿನದು ಹಣ್ಣಾದ ಕಿತ್ತಳೆಯ ಸಿಪ್ಪೆಯಂತೆ ಕೆಂಪೇರಿರುತ್ತದೆ. ನಿಬ್ಬು ಬದಲಾದಾಗ ನೀಲಿ, ಕಪ್ಪು ಶಾಯಿಗಳೂ ತುಸು ತಿಳಿಯಾಗುತ್ತವೆ, ತುಸು ಗಾಢವಾಗುತ್ತವೆ. ಆದರೆ ಓದಲು ಅಡ್ಡಿಯಿಲ್ಲ. ಕಿತ್ತಳೆಯಲ್ಲಿ ನಿಬ್ಬು ತಪ್ಪಿದರೆ ಬರೆದದ್ದೇ ಕಣ್ಣಿಗೆ ಹತ್ತುವುದಿಲ್ಲ.

ಕಾರಣ ಬೆಳಕಿನಲ್ಲಿದೆ. ಕಿತ್ತಳೆ ಬಣ್ಣದ ಡೈ ಮುಖ್ಯವಾಗಿ ನೀಲಿ ಬೆಳಕನ್ನು ನುಂಗುತ್ತದೆ, ಹಸಿರನ್ನು ಸ್ವಲ್ಪ ಮಾತ್ರ ತಡೆಯುತ್ತದೆ, ಕೆಂಪನ್ನು ಬಹುಪಾಲು ಹಾಗೆಯೇ ಬಿಡುತ್ತದೆ. ಶಾಯಿಯ ಪದರ ತೆಳುವಾಗಿದ್ದರೆ ನೀಲಿಯೊಂದೇ ಕಡಿಮೆಯಾಗಿ, ಉಳಿದ ಕೆಂಪು ಮತ್ತು ಹಸಿರು ಸೇರಿ ಹಳದಿ ಕಾಣುತ್ತದೆ. ಪದರ ದಪ್ಪವಾದಂತೆ ಹಸಿರಿಗೂ ಕತ್ತರಿ ಬಿದ್ದು ಬಣ್ಣ ಕೆಂಪಿನತ್ತ ಸರಿಯುತ್ತದೆ. ಇನ್ನೊಂದು ತೊಡಕು ಕಣ್ಣಿನದು. ಗೆರೆಯ ಸೂಕ್ಷ್ಮವನ್ನು ಕಣ್ಣು ಗ್ರಹಿಸುವುದು ಹೆಚ್ಚಾಗಿ ಕೆಂಪು, ಹಸಿರು ಬೆಳಕಿಗೆ ಮಿಡಿಯುವ ಶಂಕುಕೋಶಗಳಿಂದ. ನೀಲಿಗೆ ಮಿಡಿಯುವ ಕೋಶಗಳು ಶಂಕುಕೋಶಗಳಲ್ಲಿ ನೂರಕ್ಕೆ ಹತ್ತನ್ನೂ ದಾಟುವುದಿಲ್ಲ. ದೃಷ್ಟಿ ನೆಡುವ ನಟ್ಟನಡು ಬಿಂದುವಿನಲ್ಲಂತೂ ಅವು ಇಲ್ಲವೇ ಇಲ್ಲ. ನೀಲಿಯನ್ನಷ್ಟೇ ಕಳೆದುಕೊಂಡ ತೆಳು ಗೆರೆ ಬಿಳಿ ಹಾಳೆಯ ಮೇಲೆ ಕರಗಿದಂತೆ ತೋರುವುದು ಇದರಿಂದಲೇ.

ಇನ್ನು ಈ ಪದರವನ್ನು ಹಾಸುವ ನಿಬ್ಬಿನ ವಿಚಾರ. ನಿಬ್ಬಿನ ನಡುವಿನ ಸೀಳು ಶಾಯಿಯನ್ನು ಲೋಮನಾಳದಂತೆ ಸೆಳೆದು ತುದಿಗೆ ತರುತ್ತದೆ. ಕೆಳಗಿರುವ ಫೀಡ್ ಶಾಯಿಯನ್ನು ಅಳೆದು ಕೊಡುತ್ತದೆ, ಹೋದ ಶಾಯಿಯ ಜಾಗಕ್ಕೆ ಗಾಳಿಯನ್ನು ಒಳಗೆ ಬಿಡುತ್ತದೆ. ಸೀಳಿನ ಎರಡು ಹಲ್ಲುಗಳು ಬಿಗಿಯಾಗಿ ಕೂಡಿದ್ದರೆ ಹರಿವು ಕಡಿಮೆ. ಕೂದಲೆಳೆಯಷ್ಟು ಸಡಿಲವಾಗಿದ್ದರೆ ಧಾರಾಳ. ಹೀಗಾಗಿ ನಿಬ್ಬಿನ ಮೇಲೆ ಕೆತ್ತಿದ ಎಫ್ (ಫೈನ್, ಸಪೂರ), ಎಂ (ಮೀಡಿಯಂ, ನಡುವಣ), ಬಿ (ಬ್ರಾಡ್, ಅಗಲ) ಅಕ್ಷರಗಳನ್ನಷ್ಟೇ ನಂಬುವಂತಿಲ್ಲ. ಜಿಪುಣ ಬ್ರಾಡ್ ನಿಬ್ಬಿಗಿಂತ ಉದಾರಿ ಫೈನ್ ನಿಬ್ಬು ಗಾಢವಾಗಿ ಬರೆಯುವುದೂ ಉಂಟು.

ಜಪಾನಿನ ಪೈಲಟ್ ಕಂಪನಿ 2007ರಲ್ಲಿ ಆರಂಭಿಸಿದ ಇರೋಶಿಜುಕು ಸರಣಿಯಲ್ಲಿ ಕಿತ್ತಳೆ ಬಳಗದ ಎರಡು ಶಾಯಿಗಳಿವೆ. ಒಂದು ಯೂ-ಯಾಕೆ, ಎಂದರೆ ಸಂಜೆಗೆಂಪು. ಇನ್ನೊಂದು ಫುಯು-ಗಾಕಿ, ಚಳಿಗಾಲದ ಪರ್ಸಿಮನ್ ಹಣ್ಣು. ಎರಡನೆಯದಕ್ಕೆ ಕೆಂಪಿನ ಬೆರಕೆ ಹೆಚ್ಚು. ಜಪಾನಿನ ಫೈನ್ ನಿಬ್ಬು ಯುರೋಪಿನ ಫೈನ್‌ಗಿಂತ ಸಾಮಾನ್ಯವಾಗಿ ಸಪೂರ; ಒತ್ತೊತ್ತಾದ ಕಾಂಜಿ ಲಿಪಿಗೆ ಅದೇ ಅನುಕೂಲ. ಅಂಥ ನಿಬ್ಬಿನಲ್ಲಿ ಫುಯು-ಗಾಕಿ ತನ್ನ ಕೆಂಪಿನ ಬಲದಿಂದ ಓದಿಸಿಕೊಳ್ಳುತ್ತದೆ. ತಿಳಿ ಹಳದಿಗಿತ್ತಳೆ ಶಾಯಿಗಳಿಗೆ ಎಕ್ಸ್‌ಟ್ರಾ ಫೈನ್ ನಿಬ್ಬು ಹಾಕುವುದು ಶಾಯಿಗೆ ಮಾಡುವ ಅನ್ಯಾಯವೇ ಸರಿ.

ಮೀಡಿಯಂ ನಿಬ್ಬಿನಿಂದ ಕಿತ್ತಳೆಗೆ ಜೀವ ಬರುತ್ತದೆ, ಬ್ರಾಡ್‌ನಲ್ಲಿ ಅದು ಮೈತುಂಬಿಕೊಳ್ಳುತ್ತದೆ. ಕನ್ನಡ ಬರೆಯುವವರಿಗೆ ಇಲ್ಲೊಂದು ಇಕ್ಕಟ್ಟಿದೆ. ಗೆರೆ ದಪ್ಪವಾದರೆ ಇ, ಣ, ಘಗಳ ಒಳಹೊಟ್ಟೆ ಮುಚ್ಚಿಹೋಗುತ್ತದೆ, ಒತ್ತಕ್ಷರಗಳು ಕೆಳಸಾಲಿನ ತಲೆಕಟ್ಟಿಗೆ ತಗಲುತ್ತವೆ. ಬಣ್ಣ ಬೇಕೆಂದರೆ ಅಕ್ಷರ ದೊಡ್ಡದಾಗಬೇಕು. ಅಕ್ಷರ ಚಿಕ್ಕದೇ ಇರಲೆಂದರೆ ಧಾರಾಳವಾಗಿ ಹರಿಯುವ ಫೈನ್ ನಿಬ್ಬು ಹುಡುಕಬೇಕು. ನಿಬ್ಬು ಸುಲಭವಾಗಿ ಕಳಚುವ ಲ್ಯಾಮಿ ಸಫಾರಿಯಂಥ ಪೆನ್ನಿದ್ದರೆ ಒಂದೇ ಫೀಡ್, ಒಂದೇ ಶಾಯಿ ಇಟ್ಟುಕೊಂಡು ನಿಬ್ಬುಗಳನ್ನಷ್ಟೇ ಬದಲಿಸುತ್ತ ಹೋಲಿಸಬಹುದು.

ಕಿತ್ತಳೆಯ ನಿಜವಾದ ಸೊಗಸು ತೆರೆದುಕೊಳ್ಳುವುದು ಸ್ಟಬ್ ಮತ್ತು ಇಟಾಲಿಕ್ ನಿಬ್ಬುಗಳಲ್ಲಿ. ಇವುಗಳ ತುದಿ ಉಂಡೆಯಾಗಿರದೆ ಉಳಿಯಂತೆ ಚಪ್ಪಟೆ. ಮೇಲಿಂದ ಕೆಳಗೆ ಎಳೆದ ಗೆರೆ ಅಗಲ, ಅಡ್ಡ ಎಳೆದದ್ದು ಸಪೂರ. ಠ ಬರೆದರೆ ವೃತ್ತದ ಎರಡು ಪಕ್ಕೆಗಳು ದಪ್ಪವಾಗಿ, ನೆತ್ತಿ ಮತ್ತು ತಳ ತೆಳುವಾಗಿ ಮೂಡುತ್ತವೆ. ಅಗಲ ಗೆರೆಯಲ್ಲಿ ಶಾಯಿ ತುಸು ಹೊತ್ತು ಹಸಿಯಾಗಿಯೇ ನಿಂತು, ಲೇಖನಿ ನಿಧಾನಿಸಿದ ಕಡೆ, ಎತ್ತಿದ ಕಡೆ ಮಡುಗಟ್ಟಿ ಒಣಗುತ್ತದೆ. ಅಲ್ಲಿ ಬಣ್ಣ ಕಡು, ಬೀಸಿ ಹೋದ ಕಡೆ ತಿಳಿ. ಇದಕ್ಕೆ ಶೇಡಿಂಗ್ ಎನ್ನುತ್ತಾರೆ. ಅಮೆರಿಕದ ನೂಡ್ಲರ್ಸ್ ಕಂಪನಿಯ ಅಪಾಚೆ ಸನ್‌ಸೆಟ್ ಶಾಯಿಗೆ ಹೆಸರು ಬಂದದ್ದು ಈ ಗುಣದಿಂದಲೇ: ಒಂದೇ ಅಕ್ಷರದೊಳಗೆ ಹೊನ್ನಿನ ಹಳದಿಯಿಂದ ಕೆಂಗಂದಿನವರೆಗೆ ಅದು ಹರಡಿಕೊಳ್ಳುತ್ತದೆ. ಒತ್ತಿದರೆ ಹಲ್ಲುಗಳು ಅಗಲುವ ಫ್ಲೆಕ್ಸ್ ನಿಬ್ಬಿನಲ್ಲಿ ಈ ಏರಿಳಿತ ಇನ್ನೂ ಹೆಚ್ಚು. ಆದರೆ ಫೀಡಿಗೆ ಅಷ್ಟು ಶಾಯಿ ಪೂರೈಸಲು ಆಗದಿದ್ದರೆ, ಹಲ್ಲುಗಳ ಎರಡು ಅಂಚು ಮಾತ್ರ ಬರೆದು ನಡುವೆ ಬಿಳಿ ಪಟ್ಟಿ ಉಳಿಯುತ್ತದೆ.

ಇಷ್ಟೆಲ್ಲ ಕಾಣಬೇಕಾದರೆ ಶಾಯಿ ಬೇಗ ಹೀರದ ನುಣುಪು ಕಾಗದ ಬೇಕು. ಅಗ್ಗದ ಜೆರಾಕ್ಸ್ ಹಾಳೆಯಲ್ಲಿ ಶಾಯಿ ನಾರಿನೊಳಗೆ ಇಳಿದುಬಿಡುವುದರಿಂದ ಸ್ಟಬ್ ನಿಬ್ಬು ಬರೆದದ್ದೂ ಸಪಾಟಾಗಿ ತೋರುತ್ತದೆ.

ಡೈ ಹೆಚ್ಚಿರುವ ಕೆಲವು ಕಿತ್ತಳೆ ಶಾಯಿಗಳಿಗೆ ಇನ್ನೊಂದು ಚಾಳಿಯಿದೆ. ನಿಬ್ಬಿನ ಸೀಳಿನ ಬಳಿ ನೀರಿನಂಶ ಆರಿ, ಡೈ ಹರಳುಗಟ್ಟಿ ಹಕ್ಕಳೆಯಂತೆ ಕೂರುತ್ತದೆ. ಇದು ತುಕ್ಕಲ್ಲ, ಒದ್ದೆ ಬಟ್ಟೆಗೆ ಬರುತ್ತದೆ. ಕ್ಯಾಪು ಸರಿಯಾಗಿ ಮುಚ್ಚದ ಪೆನ್ನಿನ ಸಪೂರ ನಿಬ್ಬಾದರೆ ಇದೇ ಹಕ್ಕಳೆ ಸೀಳನ್ನು ಕಟ್ಟಿ, ಮೊದಲ ಅಕ್ಷರ ಹೊರಡದಂತೆ ಮಾಡುತ್ತದೆ. ಮೊದಲು ನೀಲಿ ತುಂಬಿದ್ದ ಪೆನ್ನಿಗೆ ಕಿತ್ತಳೆ ಹಾಕುವುದಾದರೆ ಫೀಡನ್ನು ತಿಳಿನೀರು ಬರುವ ತನಕ ತೊಳೆಯಬೇಕು. ಅಲ್ಲಿ ಉಳಿದ ಒಂದೆರಡು ಹನಿ ನೀಲಿ ಸಾಕು, ಮೊದಲ ಪುಟಗಳು ಕಿತ್ತಳೆಯ ಬದಲು ಕೆಸರು ಕಂದಿನಲ್ಲಿ ಮೂಡುತ್ತವೆ.