ಮಂಗಳೂರಿನಿಂದ ತಂಪಾಗಿಯೇ ಹೋದ ಫ್ರಿಜ್ ಅಕ್ಕಲಕೋಟೆಯಲ್ಲಿ ಯಾಕೆ ಕೈಕೊಡ್ತದೆ?

ಹಳೆಯ ಲೆಕ್ಕದಲ್ಲಿ ರಾಷ್ಟ್ರೀಯ ಹೆದ್ದಾರಿ 13ರ ಒಂದು ತುದಿ ಮಂಗಳೂರು, ಇನ್ನೊಂದು ತುದಿ ಸೊಲ್ಲಾಪುರ. ಈಗ ಅದನ್ನೇ 169, 50, 52 ಎಂದು ತುಂಡು ಮಾಡಿ ನಂಬರ್ ಕೊಟ್ಟಿದ್ದಾರೆ. ದಾರಿ ಅದೇ, ಹೋಗುವವರೂ ಅವರೇ. ಚಾದರ, ಟವೆಲ್ ರಖಂ ಖರೀದಿಗೆ ಹೋಗುವ ಜವಳಿ ಅಂಗಡಿಯವರು, ಅಕ್ಕಲಕೋಟೆ ತಾಲೂಕಿನ ಹೈದ್ರಾ ದರ್ಗಾ, ಅಲ್ಲಿಂದ ಮುಂದೆ ಕಲಬುರಗಿಯ ಖಾಜಾ ಬಂದೇ ನವಾಝ್ ದರ್ಗಾ ಝಿಯಾರತ್‌ಗೆ ಮನೆಮಂದಿಯನ್ನೆಲ್ಲ ಕರ್ಕೊಂಡು ಹೋಗುವವರು. ಇಂಥವರಲ್ಲಿ ಕೆಲವರು ಈಗ ಟೆಂಪೋ ಟ್ರಾವೆಲರ್‌ನ ಹಿಂದಿನ ಸೀಟು ತೆಗೆಸಿ ಮಲಗುವ ಜಾಗ ಮಾಡಿಸ್ತಾರೆ, 12 ವೋಲ್ಟಿನ ಸಣ್ಣ ಫ್ರಿಜ್ ಇಡ್ತಾರೆ, ಅದಕ್ಕೆಂದೇ ಸೀಟಿನಡಿ ಎರಡನೇ ಬ್ಯಾಟರಿ ಕೂರಿಸ್ತಾರೆ.

ಫ್ರಿಜ್‌ನಲ್ಲಿ ನೀರು, ಮಕ್ಕಳ ಹಾಲು ಮಾತ್ರ ಇದ್ದರೆ ಅದು ಕೆಟ್ಟರೂ ಚಿಂತೆ ಇಲ್ಲ. ಆದ್ರೆ ಶುಗರ್ ಇರುವ ಉಮ್ಮನ ಇನ್ಸುಲಿನ್ ಅದರೊಳಗಿದ್ದರೆ ವಿಷಯ ಬೇರೆ. ಸೊಲ್ಲಾಪುರದಲ್ಲಿ ಎಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುವುದು ದೊಡ್ಡ ಸುದ್ದಿಯೇ ಅಲ್ಲ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ.

ಸಾಮಾನ್ಯವಾಗಿ ಕೇಳಿ ಬರುವ ದೂರು ಒಂದೇ ರೀತಿಯದ್ದು. ಊರಿಂದ ಸೊಲ್ಲಾಪುರದವರೆಗೆ ಹತ್ತಿರ ಹತ್ತಿರ 700 ಕಿಲೋಮೀಟರ್ ಫ್ರಿಜ್ ಚೆನ್ನಾಗಿ ಓಡಿತು, ಮರುದಿನ ಅಕ್ಕಲಕೋಟೆ ತಲುಪಿದ ಮೇಲೆ ಆಫ್. ಕೂಡಲೇ ಎಲ್ಲರೂ ಬೈಯುವುದು ಫ್ರಿಜ್ ಮಾರಿದವನಿಗೆ. ಹೆಚ್ಚಿನ ಸಲ ಫ್ರಿಜ್‌ನದ್ದು ತಪ್ಪೇ ಇರುವುದಿಲ್ಲ. ಇದು ಅಂಗಡಿಯ ಜಮಾ ಖರ್ಚಿನ ಹಾಗೆ, ಬರುವುದಕ್ಕಿಂತ ಹೋಗುವುದು ಜಾಸ್ತಿ ಆದಾಗ ಗಲ್ಲಾ ಪೆಟ್ಟಿಗೆ ಖಾಲಿ.

ಲೆಕ್ಕ ಹಾಕಿ ನೋಡಬಹುದು. 40-50 ಲೀಟರಿನ ಕಂಪ್ರೆಸರ್ ಫ್ರಿಜ್ ಓಡುವಾಗ ಸುಮಾರು 4.5 ಆಂಪಿಯರ್ ಎಳೀತದೆ. ಅದು ಸದಾ ಓಡುವುದಿಲ್ಲ, ತಂಪಾದ ಮೇಲೆ ನಿಂತು ಮತ್ತೆ ಶುರುವಾಗ್ತದೆ. ತಂಪು ಹವೆಯಲ್ಲಿ ಗಂಟೆಗೆ 20 ನಿಮಿಷ ಓಡಿದರೆ ಸಾಕು. ಸೊಲ್ಲಾಪುರದ ಹಗಲಿನಲ್ಲಿ ಮುಕ್ಕಾಲು ಗಂಟೆ, ರಾತ್ರಿಯೂ ಅರ್ಧ ಗಂಟೆ ಓಡ್ತದೆ ಅಂತ ಇಟ್ಟುಕೊಳ್ಳುವ. ರಾತ್ರಿಯ 12 ಗಂಟೆಗೆ 27, ಹಗಲಿನ 12 ಗಂಟೆಗೆ 40, ಒಟ್ಟು 67 ಆಂಪಿಯರ್ ಅವರ್ ಖರ್ಚು. ಬ್ಯಾಟರಿ ಮೇಲೆ 100 ಎಂದು ಬರೆದಿದ್ದರೂ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಅದರ ಆಯಸ್ಸು ಬೇಗ ಮುಗೀತದೆ. ಅಂದ್ರೆ ಕೈಯಲ್ಲಿರುವುದು 50.

ದಿನವಿಡೀ ಗಾಡಿ ಓಡಿಸಿ ಬರುವಾಗ ಇಂಜಿನ್ ತುಂಬಿಸ್ತಾ ಇರ್ತದೆ, ಫ್ರಿಜ್ ತೆಗೀತಾ ಇರ್ತದೆ, ಕೊರತೆ ಗೊತ್ತಾಗುವುದಿಲ್ಲ. ಸಂಜೆ 6ಕ್ಕೆ ಸೊಲ್ಲಾಪುರದ ಲಾಡ್ಜ್ ಮುಂದೆ ನಿಲ್ಲಿಸಿದ ಮೇಲೆ ಬರೀ ಖರ್ಚು. ಮರುದಿನ ಮಧ್ಯಾಹ್ನ 1 ಗಂಟೆಗೆ ಆ 50 ಮುಗೀತದೆ. ನಡುವೆ ಅಕ್ಕಲಕೋಟೆಗೆ ಹೋದರೆ ಚಾರ್ಜ್ ಆಗುವುದಿಲ್ಲವಾ ಅಂತ ಕೇಳಬಹುದು. ಆಗ್ತದೆ, ಆದ್ರೆ ಸೊಲ್ಲಾಪುರದಿಂದ ಅಕ್ಕಲಕೋಟೆ 40 ಕಿಲೋಮೀಟರಿನ ಆಸುಪಾಸು, ಒಂದು ಗಂಟೆಯ ದಾರಿ. 20 ಆಂಪಿಯರ್‌ನ ಚಾರ್ಜರ್ ಇದ್ದರೂ ಒಂದು ಗಂಟೆಯಲ್ಲಿ ಸಿಗುವುದು ಹೆಚ್ಚೆಂದರೆ 20. ಮಧ್ಯಾಹ್ನ ನಿಲ್ಲಬೇಕಾಗಿದ್ದ ಫ್ರಿಜ್ ಮಗ್ರಿಬ್ ಹೊತ್ತಿಗೆ ನಿಲ್ತದೆ, ಅಷ್ಟೇ ವ್ಯತ್ಯಾಸ.

ಇದು ಎಲ್ಲವೂ ಸರಿ ಇದ್ದಾಗಿನ ಲೆಕ್ಕ. ಇದಕ್ಕೂ ಮೊದಲೇ ಫ್ರಿಜ್ ನಿಂತರೆ ಕಾರಣ ವೈರ್‌ನಲ್ಲಿ ಹುಡುಕಬೇಕು, ಮತ್ತು ಜನ ಅತಿ ಕಡಿಮೆ ನೋಡುವುದು ಇದನ್ನೇ. ಮುಂದಿನ ಬಾನೆಟ್‌ನಿಂದ ಹಿಂದಿನ ಫ್ರಿಜ್‌ಗೆ 6 ಮೀಟರ್ ವೈರ್ ಎಳೆದರೆ ಕರೆಂಟು ಹೋಗಿ ವಾಪಸ್ ಬರಲು 12 ಮೀಟರ್. ಅದಕ್ಕೆ ಮನೆಯ ಲೈಟಿಗೆ ಹಾಕುವ 1.5 ಎಂಎಂ ವೈರ್ ಹಾಕಿದ್ದರೆ 5 ಆಂಪಿಯರ್‌ಗೆ 0.7 ವೋಲ್ಟ್ ದಾರಿಯಲ್ಲೇ ಸೋರಿಹೋಗ್ತದೆ. ಕಂಪ್ರೆಸರ್ ಸ್ಟಾರ್ಟ್ ಆಗುವ ಗಳಿಗೆಯಲ್ಲಿ 10 ಆಂಪಿಯರ್ ಎಳೆದರೆ ಸೋರಿಕೆ 1.4 ವೋಲ್ಟ್. ಬ್ಯಾಟರಿಯಲ್ಲಿ 12.2 ಇದ್ದರೂ ಫ್ರಿಜ್‌ಗೆ ಕಾಣುವುದು 10.8. ಬ್ಯಾಟರಿ ಖಾಲಿಯಾಗಿದೆ ಅಂತ ತಿಳ್ಕೊಂಡು ಅದು ತಾನಾಗಿ ಆಫ್ ಆಗ್ತದೆ. ಅದೇ ದೂರಕ್ಕೆ 6 ಎಂಎಂ ತಾಮ್ರದ ವೈರ್ ಹಾಕಿದರೆ 5 ಆಂಪಿಯರ್‌ಗೆ ಸೋರುವುದು 0.2 ವೋಲ್ಟಿಗೂ ಕಡಿಮೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಹತ್ತಾರು ಸಾವಿರದ ಫ್ರಿಜ್‌ಗೆ ದೂರು ಹಾಕುವುದು ಯಾವ ವ್ಯಾಪಾರ ಮಾರಾಯ್ರೆ?

ಫ್ರಿಜ್‌ನ ಮೆನುವಿನಲ್ಲಿ ಬ್ಯಾಟರಿ ರಕ್ಷಣೆಗೆ ಎಚ್, ಎಂ, ಎಲ್ ಅಂತ ಮೂರು ಹಂತ ಇರ್ತದೆ. ಎಚ್‌ನಲ್ಲಿಟ್ಟರೆ 11 ವೋಲ್ಟಿನ ಮೇಲೆಯೇ ಆಫ್ ಆಗ್ತದೆ, ಎಲ್‌ನಲ್ಲಿಟ್ಟರೆ 10ರ ಆಸುಪಾಸು. ಕಂಪೆನಿಯಿಂದ ಕಂಪೆನಿಗೆ ಅಂಕಿ ಸ್ವಲ್ಪ ಬೇರೆ. ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಿಂದಲೇ ಓಡಿಸುವವರು ಎಚ್ ಬಿಟ್ಟು ಕದಲಬಾರದು, ಇಲ್ಲದಿದ್ರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗ್ತದೆ. ಬೇರೆ ಬ್ಯಾಟರಿ ಇದ್ದರೆ ಎಂ ಸಾಕು.

ವೈರ್ ದಪ್ಪವೇ ಇದ್ದರೂ ಅರ್ಥಿಂಗ್ ಹಾಳಾಗಿದ್ದರೆ ಅದೇ ಕಥೆ. ನಮ್ಮ ಕರಾವಳಿಯ ಗಾಡಿಗಳಿಗೆ ಇದು ವಿಶೇಷ ಕಾಯಿಲೆ. ಉಪ್ಪು ಗಾಳಿಗೆ ಬಾಡಿಯ ಬೋಲ್ಟ್ ತುಕ್ಕು ಹಿಡಿದು, ಲಗ್ ಮೇಲೆ ಹಸಿರು ಪುಡಿ ಕಟ್ಟಿರ್ತದೆ. ಮೊದಲು ಮೀನು ಸಾಗಿಸಿದ್ದ ಪಿಕಪ್ ಆದರೆ ಹೇಳುವುದೇ ಬೇಡ. ಬೋಲ್ಟ್ ಬಿಚ್ಚಿ, ಪೈಂಟ್ ಕೆರೆದು, ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಬಿಗಿ ಮಾಡಿದರೆ ಸುಮಾರು ಫ್ರಿಜ್‌ಗಳು ತಾವಾಗಿ ಸರಿಯಾಗ್ತವೆ. ಸಿಗರೇಟ್ ಲೈಟರ್ ಸಾಕೆಟ್ ಕೂಡ ಇದೇ ಜಾತಿ. ಮುಟ್ಟಿ ನೋಡಿದಾಗ ಪ್ಲಗ್ ಬಿಸಿ ಇದ್ದರೆ ಒಳಗೆ ಸಡಿಲ ಉಂಟು ಎಂದೇ ಅರ್ಥ.

ತಪ್ಪು ಎಲ್ಲಿದೆ ಅಂತ ಹುಡುಕಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಇಂಜಿನ್ ಆಫ್ ಮಾಡಿ, ಫ್ರಿಜ್ ಆಫ್ ಮಾಡಿ, ಒಂದೆರಡು ಗಂಟೆ ಬಿಟ್ಟು ಎರಡನೇ ಬ್ಯಾಟರಿಯ ವೋಲ್ಟ್ ನೋಡಬೇಕು. 12.7 ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕೆ ಬಂದಿದ್ದರೆ ಕಾಲು ಭಾಗ ಮಾತ್ರ ಉಳಿದಿದೆ. ಆಮೇಲೆ ಫ್ರಿಜ್ ಆನ್ ಮಾಡಿ, ಕಂಪ್ರೆಸರ್ ಗುಂಯ್ ಅನ್ನುವಾಗಲೇ ಬ್ಯಾಟರಿಯಲ್ಲೊಮ್ಮೆ, ಫ್ರಿಜ್ ಪ್ಲಗ್ ಹತ್ತಿರ ಒಮ್ಮೆ ನೋಡಬೇಕು. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ದೋಷ ವೈರ್‌ನದ್ದು, ಅಲ್ಲದಿದ್ರೆ ಅರ್ಥಿಂಗ್‌ನದ್ದು. ಬ್ಯಾಟರಿಯೇ ದಡಕ್ಕನೆ ಇಳಿದರೆ ಬ್ಯಾಟರಿ ಮುಗಿದಿದೆ. ಕೊನೆಗೆ ಇಂಜಿನ್ ಸ್ಟಾರ್ಟ್ ಮಾಡಿ ಎರಡನೇ ಬ್ಯಾಟರಿ ನೋಡಬೇಕು. 13.5ರ ಮೇಲೆ ಹೋಗದಿದ್ದರೆ ಅದಕ್ಕೆ ಚಾರ್ಜ್ ಸರಿಯಾಗಿ ಬರ್ತಿಲ್ಲ. ರಿಲೇ ಹೋಗಿರಬಹುದು, ಫ್ಯೂಸ್ ಹೋಗಿರಬಹುದು. ಕೆಲವು ಬಿಎಸ್ 6 ಗಾಡಿಗಳಲ್ಲಿ ಡೀಸೆಲ್ ಉಳಿತಾಯಕ್ಕಾಗಿ ಕಂಪ್ಯೂಟರೇ ಆಲ್ಟರ್ನೇಟರ್‌ನ ವೋಲ್ಟ್ ಇಳಿಸ್ತದೆ. ಅಂಥ ಗಾಡಿಗೆ ಬರೀ ರಿಲೇ ಸಾಕಾಗುವುದಿಲ್ಲ, ಡಿಸಿ-ಡಿಸಿ ಚಾರ್ಜರ್ ಬೇಕು. ಲಿಥಿಯಂ ಬ್ಯಾಟರಿ ಹಾಕಿದವರಿಗೂ ಅದು ಬೇಕೇ ಬೇಕು.

ಅಕ್ಕಲಕೋಟೆಯಲ್ಲಿ ಆಟೋ ಇಲೆಕ್ಟ್ರಿಷಿಯನ್ ಹುಡುಕುವಾಗ ಭಾಷೆಯ ಹೆದರಿಕೆ ಬೇಡ. ಇಲ್ಲಿ ಕನ್ನಡ ಧಾರಾಳ ನಡೀತದೆ. 1967ರ ಮಹಾಜನ ವರದಿ ಈ ತಾಲೂಕು ನಮ್ಮ ರಾಜ್ಯಕ್ಕೆ ಸೇರಬೇಕು ಎಂದದ್ದು ಸುಮ್ಮನೆ ಅಲ್ಲ. ಹೊಸ ವೈರ್ ಎಳೆಸುವಾಗ ಒಂದು ಮಾತು ಮಾತ್ರ ಬಿಡಬಾರದು. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನ ಒಳಗೆ ಫ್ಯೂಸ್ ಕೂರಿಸಲೇಬೇಕು. ಫ್ಯೂಸ್ ಇಲ್ಲದ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಗಾಡಿಗೆ ಬೆಂಕಿ, ಅದರೊಳಗೆ ಮಲಗಿದವರು ಮಕ್ಕಳು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ತಂದು ಮಲಗುವ ಜಾಗದ ಕೆಳಗೆ ಇಡುವುದೂ ಬೇಡ. ಚಾರ್ಜ್ ಆಗುವಾಗ ಅದರಿಂದ ಹೈಡ್ರೋಜನ್ ಗ್ಯಾಸ್ ಬರ್ತದೆ, ತಿರುವಿನಲ್ಲಿ ಆಸಿಡ್ ಚೆಲ್ತದೆ.

ಖರ್ಚು ಕಡಿಮೆ ಮಾಡುವ ದಾರಿಗಳೂ ಉಂಟು. ಫ್ರಿಜ್‌ನ ಗಾಳಿ ಕಿಂಡಿಗೆ ಚಾದರದ ಬಂಡಲ್ ಒತ್ತಿ ಇಟ್ಟರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಖರೀದಿ ಮುಗಿಸಿ ವಾಪಸ್ ಬರುವವರ ಗಾಡಿಗಳಲ್ಲಿ ಹೀಗೆ ಆಗುವುದು ಸುಲಭ. ಗಾಡಿಯನ್ನು ನೆರಳಲ್ಲಿ ನಿಲ್ಲಿಸುವುದು, ಹೊರಡುವ ಮೊದಲು ಮನೆಯ ಕರೆಂಟಿನಲ್ಲೇ ಫ್ರಿಜ್ ತಂಪು ಮಾಡುವುದು, ರಾತ್ರಿ ಲಾಡ್ಜ್‌ನವರನ್ನು ಕೇಳಿ ಪ್ಲಗ್‌ಗೆ ಹಾಕುವುದು, ಇವು ದೊಡ್ಡ ಬ್ಯಾಟರಿಗಿಂತ ಅಗ್ಗ. ಕಡಿಮೆ ಬೆಲೆಗೆ ಸಿಗುವ ಕಂಪ್ರೆಸರ್ ಇಲ್ಲದ ಕಾರ್ ಕೂಲರ್‌ಗಳನ್ನು ಮಾತ್ರ ನಂಬಬಾರದು. ಅವು ಹೊರಗಿನ ಸೆಕೆಗಿಂತ 20 ಡಿಗ್ರಿಯಷ್ಟು ಮಾತ್ರ ಇಳಿಸ್ತವೆ, ಅಂದ್ರೆ 43ರ ಬಿಸಿಲಲ್ಲಿ ಒಳಗೆ 23. ಮೇಲಿಂದ ಸದಾ ಕರೆಂಟು ಎಳೀತಾ ಇರ್ತವೆ.

ಬಳಸದ ಇನ್ಸುಲಿನ್‌ಗೆ ಬೇಕಾದದ್ದು 2ರಿಂದ 8 ಡಿಗ್ರಿ. ಹೆದರಿಕೆಯಿಂದ ಫ್ರಿಜ್ ಸೊನ್ನೆಗೆ ಇಟ್ಟರೂ ನಷ್ಟವೇ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವ ಹಾಗಿಲ್ಲ. 5ಕ್ಕೆ ಇಟ್ಟು, ಬಾಟಲಿ ಲೋಹದ ಗೋಡೆಗೆ ತಾಗದ ಹಾಗೆ ಟವೆಲ್‌ನಲ್ಲಿ ಸುತ್ತಿ ಇಡಬೇಕು. ಬಳಸಲು ಶುರು ಮಾಡಿದ ಬಾಟಲಿಗೆ ಫ್ರಿಜ್ಜೇ ಬೇಕೆಂದಿಲ್ಲ. ಹೆಚ್ಚಿನವು 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಡೀತವೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅದರ ಲೆಕ್ಕ ಬರೆದಿರ್ತದೆ. ಫ್ರಿಜ್ ಪೂರ್ತಿ ನಿಂತೇ ಹೋದರೆ ಸೊಲ್ಲಾಪುರದ ಒಣ ಹವೆಯಲ್ಲಿ ಮಣ್ಣಿನ ಮಡಕೆ ಒಳ್ಳೆ ಕೆಲಸ ಮಾಡ್ತದೆ. ನಮ್ಮ ಕರಾವಳಿಯ ತೇವದಲ್ಲಿ ನೀರು ಆರುವುದೇ ಇಲ್ಲ, ಹಾಗಾಗಿ ಇಲ್ಲಿಯವರಿಗೆ ಮಡಕೆಯ ಮೇಲೆ ನಂಬಿಕೆ ಕಡಿಮೆ. ಅಲ್ಲಿ ಹಾಗಲ್ಲ. ಬಾಟಲಿಯನ್ನು ನೀರು ಹೋಗದ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಡಕೆಯೊಳಗೆ ನೆರಳಲ್ಲಿ, ಗಾಳಿ ಆಡುವ ಕಡೆ ಇಟ್ಟರೆ ಬಳಕೆಯ ಬಾಟಲಿ ಒಂದು ಹಗಲು ದಾಟ್ತದೆ. ಹೊಸ ಬಾಟಲಿಗಳನ್ನು ಹತ್ತಿರದ ಮೆಡಿಕಲ್ ಅಂಗಡಿಯ ಫ್ರಿಜ್‌ನಲ್ಲಿ ಒಂದು ರಾತ್ರಿಗೆ ಇಟ್ಟುಕೊಳ್ಳಿ ಅಂತ ಕೇಳಿ ನೋಡಬಹುದು. ಬಿಸಿಲಲ್ಲಿ ಕಾದ ಬಾಟಲಿ ನೋಡಲು ಮೊದಲಿನ ಹಾಗೇ ಕಾಣಬಹುದು, ಆದ್ರೆ ಶಕ್ತಿ ಹೋಗಿರ್ತದೆ. ಶುಗರ್ ಚೆಕ್ ಮಾಡುವಾಗ ಕಾರಣ ಇಲ್ಲದೆ ಏರಿದ್ದರೆ ಆ ಬಾಟಲಿ ಬದಿಗಿಟ್ಟು, ಹೊಸದು ತೆಗೆದು ಡಾಕ್ಟರಿಗೆ ಫೋನ್ ಮಾಡಬೇಕು.